ಆತಕೂರಿನ ಕಲ್ಲು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಒಂದು ಊರಿದೆ. ದೊಡ್ಡ ಊರಲ್ಲ, ಜಾತ್ರೆಗೆ ಜನ ನೆರೆಯುವ ಹೆಸರಾಂತ ಕ್ಷೇತ್ರವೂ ಅಲ್ಲ. ಆದರೂ ಕನ್ನಡ ನಾಡಿನ ಚರಿತ್ರೆಯನ್ನು ಬರೆಯಲು ಕುಳಿತವರಾರೂ ಆ ಊರಿನ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದಕ್ಕೆ ಕಾರಣ ಅಲ್ಲಿ ದೊರೆತ ಒಂದು ಶಾಸನದ ಕಲ್ಲು. ಶಕವರ್ಷ 872ರ ಸೌಮ್ಯ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. 949-50ರಲ್ಲಿ, ಅದನ್ನು ನೆಟ್ಟರು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಮೂರನೆಯ ಸಂಪುಟ 1894ರಲ್ಲಿ ಅಚ್ಚಾದಾಗ ಅದರ ಪಾಠವೂ ಅದರಲ್ಲಿ ಸೇರಿತು. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂತು.

ಈ ಕಲ್ಲನ್ನು ಮೊದಲ ಸಲ ನೋಡುವವರಿಗೆ ಒಂದು ಬೆರಗು ಕಾದಿರುತ್ತದೆ. ಇದರ ಬರಹದಲ್ಲಿ ಚಕ್ರವರ್ತಿಯ ಹೆಸರಿದೆ, ಮಾಂಡಲಿಕನ ಹೆಸರಿದೆ, ದಕ್ಷಿಣ ಭಾರತದ ಗತಿಯನ್ನೇ ಬದಲಿಸಿದ ಒಂದು ಮಹಾಯುದ್ಧದ ವೃತ್ತಾಂತವಿದೆ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರದಲ್ಲಿ ದೊರೆಯೂ ಇಲ್ಲ, ಆನೆ ಕುದುರೆಗಳೂ ಇಲ್ಲ. ಅಲ್ಲಿರುವುದು ಒಂದು ನಾಯಿ ಮತ್ತು ಒಂದು ಕಾಡುಹಂದಿ. ಎರಡೂ ಒಂದನ್ನೊಂದು ಕಚ್ಚಿ ಹಿಡಿದು ಹೋರಾಡುತ್ತಿವೆ. ಕಲ್ಲು ನಿಂತದ್ದು ಆ ನಾಯಿಗಾಗಿ.

ದಿನದಿನದ ಬಾಳಿನಲ್ಲಿ ಸಂತೋಷವನ್ನು ಕಾಣುವುದು ಹೇಗೆ ಎಂಬ ಪ್ರಶ್ನೆಗೆ ಅನೇಕರು ಅನೇಕ ಉತ್ತರಗಳನ್ನು ಕೊಟ್ಟಿದ್ದಾರೆ. ಇರುವುದನ್ನು ನೆನೆದು ತೃಪ್ತನಾಗು, ಉಪಕಾರವನ್ನು ಮರೆಯಬೇಡ ಎಂಬುದು ಅವುಗಳಲ್ಲಿ ಬಹಳ ಹಳೆಯ ಉತ್ತರ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಈ ಮಾತನ್ನು ಹೇಳುತ್ತಲೇ ಇರುತ್ತೇವೆ. ಹೇಳಿ ಹೇಳಿ ಅದು ಸವೆದುಹೋಗಿದೆ. ಆದಕಾರಣ ಅದನ್ನು ಮತ್ತೊಮ್ಮೆ ಉಪದೇಶವಾಗಿ ಹೇಳುವುದಕ್ಕಿಂತ, ಹಿಂದಿನವರು ಅದನ್ನು ಹೇಗೆ ನಡೆಸಿದರು ಎಂಬುದನ್ನು ನೋಡುವುದು ಮೇಲು. ಆತಕೂರಿನ ಕಲ್ಲು ಅದಕ್ಕೆ ಒಳ್ಳೆಯ ದಾರಿ.

ಕಥೆ ಹೀಗಿದೆ. ಹತ್ತನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರ ಸಿಂಹಾಸನದ ಮೇಲೆ ಮೂರನೆಯ ಕೃಷ್ಣನಿದ್ದ. ಶಾಸನ ಅವನನ್ನು ಕನ್ನರದೇವ ಎಂದು ಕರೆಯುತ್ತದೆ. ಅವನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾಗಿದ್ದವನು ಗಂಗವಾಡಿಯನ್ನು ಆಳುತ್ತಿದ್ದ ಗಂಗರ ಬೂತುಗ. ಭಾವಮೈದುನರಿಬ್ಬರೂ ಸೇರಿ ಚೋಳರ ಮೇಲೆ ದಂಡೆತ್ತಿ ಹೋದರು. ಇಂದಿನ ತಮಿಳುನಾಡಿನ ಅರಕ್ಕೋಣದ ಸಮೀಪದಲ್ಲಿರುವ ತಕ್ಕೋಲದಲ್ಲಿ ಘೋರ ಕಾಳಗ ನಡೆಯಿತು. ಚೋಳರ ರಾಜಕುಮಾರ ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಬೂತುಗನ ಕೈಯಲ್ಲಿ ಮಡಿದ. ಯುದ್ಧ ಅಲ್ಲಿಗೆ ತೀರ್ಮಾನವಾಯಿತು.

ಆ ಕಾಳಗದಲ್ಲಿ ಬೂತುಗನ ಕಡೆಯಲ್ಲಿ ಮಣಲೇರ ಎಂಬ ಒಬ್ಬ ವೀರನಿದ್ದ. ಶತ್ರುಗಳಿಗೆ ಎದೆಗೊಟ್ಟು ನಿಂತು ಹೋರಾಡಿದ. ಒಡೆಯನಿಗೆ ಮೆಚ್ಚಾಯಿತು. ‘ಬೇಕಾದುದನ್ನು ಬೇಡಿಕೋ’ ಎಂದ. ಇಂಥ ಸಮಯದಲ್ಲಿ ಮನುಷ್ಯ ಏನನ್ನು ಬೇಡುತ್ತಾನೆ? ಹೊನ್ನನ್ನು ಬೇಡಬಹುದು, ನಾಡನ್ನು ಬೇಡಬಹುದು, ಪದವಿಯನ್ನು ಬೇಡಬಹುದು. ಮಣಲೇರ ಬೇಡಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಅದನ್ನೇ ದಯಪಾಲಿಸಬೇಕೆಂದು ಕೇಳಿ ಪಡೆದುಕೊಂಡ.

ಆಮೇಲೆ ಒಂದು ದಿನ, ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಇಷ್ಟೇ ವೃತ್ತಾಂತ. ಒಡೆಯನ ಪ್ರಾಣವನ್ನು ಉಳಿಸಿತೆಂದೋ ಊರನ್ನು ಕಾಪಾಡಿತೆಂದೋ ಶಾಸನ ಹೇಳುವುದಿಲ್ಲ. ತನ್ನ ಕೆಲಸವನ್ನು ಮಾಡುತ್ತ ಸತ್ತಿತು, ಅಷ್ಟೆ. ಮಣಲೇರನಿಗೆ ಅಷ್ಟೇ ಸಾಕಾಯಿತು. ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಆ ನಾಯಿಗೆ ಕಲ್ಲನ್ನು ನಿಲ್ಲಿಸಿ, ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಬಿತ್ತುವಷ್ಟು ನೆಲವನ್ನು ಬಿಟ್ಟ.

ಈ ಕಲ್ಲಿನಲ್ಲಿ ಒಂದು ಸಾಲುಮೆಟ್ಟಿಲು ಇದೆ. ಅದನ್ನು ಮೇಲಿನಿಂದ ಕೆಳಕ್ಕೆ ಇಳಿದು ನೋಡಬೇಕು. ಎಲ್ಲಕ್ಕಿಂತ ಮೇಲೆ ಚಕ್ರವರ್ತಿ. ಅವನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ಐದು ನಾಡುಗಳನ್ನು ಮೆಚ್ಚಿ ಕೊಟ್ಟನೆಂದು ಶಾಸನ ಹೇಳುತ್ತದೆ. ಈ ಅಂಕೆಗಳು ಹಳ್ಳಿಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಹೇಗೇ ಇರಲಿ, ದೊಡ್ಡ ಕೊಡುಗೆ ಎಂಬುದರಲ್ಲಿ ಸಂದೇಹವಿಲ್ಲ. ಅವನ ಕೆಳಗೆ ಬೂತುಗ. ಅವನು ಮಣಲೇರನಿಗೆ ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟ. ಅವನ ಕೆಳಗೆ ಮಣಲೇರ. ಅವನು ಕಾಳಿಗೆ ಎರಡು ಖಂಡುಗ ನೆಲವನ್ನು ಕೊಟ್ಟ. ಹನ್ನೆರಡು ಸಾವಿರದಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಎರಡು ಖಂಡುಗಕ್ಕೆ ಕೊಡುಗೆ ಇಳಿಯುತ್ತ ಬಂದಿತು. ಆದರೆ ಪ್ರತಿಯೊಬ್ಬನೂ ತನಗೆ ಬಂದುದನ್ನು ತನ್ನಲ್ಲೇ ಇಟ್ಟುಕೊಳ್ಳದೆ ತನಗಿಂತ ಕೆಳಗಿರುವವನ ಕಡೆಗೆ ತಿರುಗಿ ನೋಡಿದನೆಂಬುದು ಇದರ ಸ್ವಾರಸ್ಯ.

ಮೆಟ್ಟಿಲು ಅಲ್ಲಿಗೂ ಮುಗಿಯುವುದಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಗೊರವನಿದ್ದಾನೆ. ಗೊರವನೆಂದರೆ ಆ ದೇವಾಲಯವನ್ನು ನೋಡಿಕೊಳ್ಳುತ್ತಿದ್ದ ಶೈವ ತಪಸ್ವಿ. ಅವನಿಗೆ ಶಾಸನ ಒಂದು ಕಟ್ಟಳೆಯನ್ನು ವಿಧಿಸುತ್ತದೆ. ಆ ಕಲ್ಲನ್ನು ಪೂಜಿಸದೆ ಅವನು ಊಟ ಮಾಡಕೂಡದು; ಮಾಡಿದರೆ ಆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ. ಊರನ್ನು ಆಳುವವರಾಗಲಿ ಒಕ್ಕಲುಮಕ್ಕಳಾಗಲಿ ಆ ನೆಲವನ್ನು ಅಳಿಸಿದರೂ ಅದೇ ಪಾಪ.

ನಮ್ಮ ಶಾಸನಗಳ ಕೊನೆಯಲ್ಲಿ ಇಂಥ ಶಾಪವಾಕ್ಯಗಳು ಬರುವುದು ವಾಡಿಕೆ. ದಾನವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬುದು ಸಾಮಾನ್ಯವಾದ ಮಾತು. ಆತಕೂರಿನ ಶಾಪ ಆ ಅಚ್ಚಿನದಲ್ಲ. ದೂರದ ಕಾಶಿಯನ್ನು ಬಿಟ್ಟು, ಕಣ್ಣೆದುರಿಗಿದ್ದ ನಾಯಿಯ ಬದುಕನ್ನೇ ಹಿಡಿಯುತ್ತದೆ. ಬೇಟೆನಾಯಿ ಬದುಕಿದ್ದಷ್ಟು ಕಾಲವೂ ಜೀವಹಿಂಸೆ ಮಾಡಿತು, ಯಾರಿಗಾಗಿ? ಒಡೆಯನಿಗಾಗಿ, ಅವನ ಮನೆಯವರಿಗಾಗಿ. ಆ ಪಾಪದ ಗಂಟನ್ನು ಅದು ಹೊತ್ತುಕೊಂಡಿತು. ಅದನ್ನು ನೆನೆಯದೆ ಉಂಡವನು ಆ ಗಂಟನ್ನು ತಾನೇ ಹೊರಲಿ ಎಂದು ಮಣಲೇರ ಹೇಳಿದಂತಿದೆ. ಇಷ್ಟು ಸೂಕ್ಷ್ಮವಾದ ನ್ಯಾಯ ಒಬ್ಬ ಯೋಧನ ತಲೆಯಲ್ಲಿ ಹುಟ್ಟಿತಲ್ಲ ಎಂದು ಆಶ್ಚರ್ಯವಾಗುತ್ತದೆ.

ಹೊತ್ತಿನ ವಿಷಯವೂ ಗಮನಾರ್ಹವಾದುದು. ವರ್ಷಕ್ಕೊಂದು ಉತ್ಸವ ಮಾಡಿ ಎಂದು ಮಣಲೇರ ಹೇಳಬಹುದಾಗಿತ್ತು. ಅವನು ಊಟದ ಹೊತ್ತನ್ನು ಹಿಡಿದ. ಹಸಿವು ದಿನವೂ ಬರುತ್ತದೆ. ಅದರ ಬೆನ್ನಿಗೆ ನೆನಪೂ ದಿನವೂ ಬರಬೇಕು. ಅನ್ನವನ್ನು ಬಾಯಿಗಿಡುವ ಮುಂಚೆ ಒಂದು ಗಳಿಗೆ ನಿಂತು, ತನಗೆ ಈ ಅನ್ನ ಯಾರಿಂದ ಬಂತು ಎಂದು ಯೋಚಿಸಬೇಕು. ಗೊರವನಿಗೆ ಬಂದದ್ದು ನಾಯಿಯ ಹೆಸರಿನಲ್ಲಿ ಬಿಟ್ಟ ಗದ್ದೆಯಿಂದ. ಆದುದರಿಂದ ನಾಯಿಗೆ ನಮಸ್ಕಾರ.

ಇದೊಂದು ವಿಚಿತ್ರವಾದ ಬಿಡಿ ಘಟನೆ ಎಂದು ಯಾರಾದರೂ ಹೇಳಿಯಾರು. ಹಾಗಲ್ಲ. ಮೆಚ್ಚನ್ನೂ ಋಣವನ್ನೂ ನೆಲದ ರೂಪದಲ್ಲಿ ಗಟ್ಟಿಮಾಡುವುದು ಕನ್ನಡ ನಾಡಿನಲ್ಲಿ ಶತಮಾನಗಳಿಂದ ನಡೆದುಬಂದ ಪದ್ಧತಿ. ಅದಕ್ಕೆ ಭಾಷೆಯಲ್ಲಿ ಬೇರೆಬೇರೆ ಹೆಸರುಗಳೇ ಇದ್ದವು. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ಭೂಮಿ ‘ಬಾಳ್ಗಚ್ಚು’. ಬಾಳೆಂದರೆ ಕತ್ತಿ, ಕಚ್ಚುವುದೆಂದರೆ ಇಲ್ಲಿ ತೊಳೆಯುವುದು. ರಕ್ತವಾದ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ. ಸುಮಾರು ಕ್ರಿ. ಶ. 450ರದೆಂದು ಎಣಿಸಲಾಗಿರುವ ಹಲ್ಮಿಡಿ ಶಾಸನವನ್ನು ಕನ್ನಡದ ಮೊದಲ ಶಾಸನಗಳಲ್ಲೊಂದೆಂದು ನಾವೆಲ್ಲ ಓದಿದ್ದೇವೆ. ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ ಕಲ್ಲು ಕೂಡ ವಿಜ ಅರಸ ಎಂಬ ವೀರನಿಗೆ ಎರಡು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟ ಪತ್ರವೇ. ನಮ್ಮ ನುಡಿ ಕಲ್ಲಿನ ಮೇಲೆ ಆಡಿದ ಮೊದಲ ಮಾತುಗಳಲ್ಲಿ ಒಂದು ಮೆಚ್ಚುಗೆಯ ಮಾತಾಗಿತ್ತೆಂಬುದು ಸಣ್ಣ ಸಂಗತಿಯಲ್ಲ.

ಹೋರಾಡಿ ಮಡಿದವನ ಮನೆಯವರಿಗೆ ಕೊಟ್ಟದ್ದು ‘ನೆತ್ತರುಗೊಡಗೆ’. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಸತ್ತವನ ಹೆಂಡತಿ ಮಕ್ಕಳು ಉಪವಾಸವಿರಬಾರದೆಂದು ಊರವರು ಮಾಡಿಕೊಂಡ ಏರ್ಪಾಡು ಅದು. ಕೆರೆಯನ್ನು ಕಟ್ಟಿದವನಿಗೆ, ಅದನ್ನು ಕಾಪಾಡಿಕೊಂಡು ಬರುವವನಿಗೆ ಬಿಟ್ಟದ್ದು ‘ಕೆರೆಗೊಡಗೆ’. ಈ ಹೆಸರುಗಳನ್ನು ಓದುವಾಗ ಒಂದು ವಿಷಯ ಹೊಳೆಯುತ್ತದೆ. ಬಾಯಿಮಾತಿನ ವಂದನೆಗೆ ನಮ್ಮ ಹಿರಿಯರು ಹೆಚ್ಚು ಬೆಲೆ ಕೊಟ್ಟಂತೆ ಕಾಣುವುದಿಲ್ಲ. ಉಪಕಾರಕ್ಕೆ ಪ್ರತಿಯಾಗಿ ಏನನ್ನಾದರೂ ಮಾಡಬೇಕು, ಮತ್ತು ಮಾಡಿದ್ದು ಉಳಿಯಬೇಕು ಎಂಬುದು ಅವರ ದೃಷ್ಟಿ. ಇಂದಿಗೂ ಊಟಕ್ಕೆ ಬಡಿಸಿದ ತಾಯಿಗೆ ಯಾರೂ ಎದ್ದುನಿಂತು ವಂದನೆ ಹೇಳುವುದಿಲ್ಲವಷ್ಟೆ.

ಬೆಂಗಳೂರಿನಲ್ಲಿ ವಾಸಿಸುವವರಿಗೆ ಇನ್ನೊಂದು ಕಲ್ಲನ್ನು ಜ್ಞಾಪಿಸಬೇಕು. ನಗರದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ. ಶ. 890ರ ಒಂದು ವೀರಗಲ್ಲಿನ ಬರಹವಿದೆ. ಅದರಲ್ಲಿ ‘ಬೆಂಗಳೂರು’ ಎಂಬ ಹೆಸರು ಬರುತ್ತದೆ. ಕೆಂಪೇಗೌಡನಿಗಿಂತ ಆರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಆ ಹೆಸರಿತ್ತೆಂಬುದಕ್ಕೆ ಅದೇ ಆಧಾರ. ಆ ಬರಹ ಯಾವ ಸಂದರ್ಭದ್ದು? ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುತ್ತನಾಪತಿಯೂ ಅವನ ಮನೆಯ ಆಳು ಪೆರ್ವೋಣಶೆಟ್ಟಿಯೂ ಸತ್ತರೆಂದು ತಿಳಿಸುವ ಕಲ್ಲು ಅದು. ಮಗನ ಹೆಸರಿನ ಜೊತೆಗೆ ಆಳಿನ ಹೆಸರನ್ನೂ ಬರೆಸಿದರು. ಆ ಇಬ್ಬರನ್ನು ಮರೆಯಬಾರದೆಂದು ಯಾರೋ ಅಂದುಕೊಂಡದ್ದರಿಂದ ಒಂದು ಮಹಾನಗರಕ್ಕೆ ತನ್ನ ಹಳೆಯ ಹೆಸರಿನ ಸಾಕ್ಷ್ಯ ದೊರೆಯಿತು.

ಇಲ್ಲಿಯವರೆಗೆ ಹೇಳಿದ್ದು ಬೆಳಕಿನ ಮುಖ. ಇದಕ್ಕೆ ಕತ್ತಲೆಯ ಮುಖವೂ ಒಂದುಂಟು. ಅದನ್ನು ಮುಚ್ಚಿಟ್ಟರೆ ಚರಿತ್ರೆಗೆ ಅಪಚಾರವಾಗುತ್ತದೆ. ಆತಕೂರಿನ ಕಲ್ಲಿಗೆ ಕೆಲವೇ ವರ್ಷ ಮುಂಚೆ, 941ರಲ್ಲಿ, ರಾಷ್ಟ್ರಕೂಟರ ಮಾಂಡಲಿಕ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ತನ್ನ ಭಾರತವನ್ನು ಮುಗಿಸಿದ. ಆ ಕಾವ್ಯದಲ್ಲಿ ‘ಜೋಳದ ಪಾಳಿ’ ಎಂಬ ಮಾತು ಬರುತ್ತದೆ. ಒಡೆಯನ ಜೋಳವನ್ನು ಉಂಡವನು ಅದರ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬ ಕಟ್ಟು ಅದು. ಶಾಸನಗಳಲ್ಲಿ ಇದೇ ‘ಜೋಳವಾಳಿ’.

ಈ ಕಟ್ಟು ಎಲ್ಲಿಯವರೆಗೆ ಹೋಯಿತೆಂದರೆ, ಒಡೆಯ ಸತ್ತರೆ ಆಳೂ ಸಾಯಬೇಕೆಂಬವರೆಗೆ. ತಿರುಮಕೂಡಲು ನರಸೀಪುರದ ಬಳಿಯ ದೊಡ್ಡಹುಂಡಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗರ ನೀತಿಮಾರ್ಗ ಸಾವಿನ ಮಂಚದ ಮೇಲೆ ಒರಗಿದ್ದಾನೆ. ಅವನನ್ನು ಆತುಕೊಂಡು ಅಗರಯ್ಯನೆಂಬ ಮನೆಯ ಆಳು ಕುಳಿತಿದ್ದಾನೆ. ದೊರೆ ಸತ್ತಾಗ ಅಗರಯ್ಯ ‘ಕೀಳ್ಗುಂಠೆ’ಯಾದ, ಎಂದರೆ ಒಡೆಯನ ಹೆಣದ ಕೆಳಗೆ ತಾನೂ ನೆಲಸೇರಿದ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡಗಂಬವೂ ಇದೇ ಬಗೆಯ ಕಥೆಯನ್ನು ಹೇಳುತ್ತದೆ. 1220ರಲ್ಲಿ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವರ ಜೊತೆಯ ಭಟರು, ಎಲ್ಲರೂ ಪ್ರಾಣವನ್ನು ಒಪ್ಪಿಸಿದರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಭಟರ ಚಿತ್ರಗಳು ಆ ಕಂಬದ ಮೇಲಿವೆ.

ಇದನ್ನು ಸ್ವಾಮಿಭಕ್ತಿ ಎಂದು ಹೊಗಳಿದವರು ಬಹಳ ಮಂದಿ. ಆ ಜನರ ಧೈರ್ಯವನ್ನು ಯಾರೂ ಹಗುರವಾಗಿ ಕಾಣಲಾರರು. ಆದರೂ ಇಂದು ಆ ಕಂಬದ ಮುಂದೆ ನಿಂತಾಗ ಮನಸ್ಸು ಹಿಗ್ಗುವುದಿಲ್ಲ, ಕುಗ್ಗುತ್ತದೆ. ಯಾಕೆ? ಅಲ್ಲಿ ಉಪಕಾರಸ್ಮರಣೆ ಸಾಲವಾಗಿಬಿಟ್ಟಿದೆ. ಅನ್ನವಿಟ್ಟವನು ಲೆಕ್ಕ ಬರೆದಿಟ್ಟಿದ್ದಾನೆ. ಉಂಡವನು ಬಡ್ಡಿಸಹಿತ ತೀರಿಸಿದ್ದಾನೆ. ‘ನನ್ನ ಉಪ್ಪು ತಿಂದಿದ್ದೀಯೆ’ ಎಂಬ ಮಾತು ನಮ್ಮ ಮನೆಗಳಲ್ಲೂ ಕಚೇರಿಗಳಲ್ಲೂ ಇಂದಿಗೂ ಕೇಳಿಬರುತ್ತದೆ. ಆ ಮಾತನ್ನು ಕೇಳಿಸಿಕೊಂಡು ಯಾರೂ ಸಂತೋಷಪಟ್ಟದ್ದಿಲ್ಲ. ಮೇಲಿನವರು ಕೆಳಗಿನವರಿಂದ ವಸೂಲು ಮಾಡುವ ಕೃತಜ್ಞತೆ ಬಾಳನ್ನು ಭಾರ ಮಾಡುತ್ತದೆ.

ಆತಕೂರಿನ ಕಲ್ಲಿನ ಬೆಲೆ ತಿಳಿಯುವುದು ಇಲ್ಲಿ. ಅದು ಹರಿಯುವುದು ಮೇಲಿನಿಂದ ಕೆಳಕ್ಕೆ. ಕಾಳಿಗೆ ಮಾತು ಬಾರದು. ಕೂಲಿಯನ್ನು ಕೇಳಲಾರದು, ಬಡ್ಡಿಯನ್ನು ಎಣಿಸಲಾರದು. ಸತ್ತ ಮೇಲೆ ಅದನ್ನು ಮರೆತಿದ್ದರೆ ಮಣಲೇರನನ್ನು ಯಾರೂ ಕೃತಘ್ನನೆಂದು ಬಯ್ಯುತ್ತಿರಲಿಲ್ಲ. ಯಾರ ಬಲವಂತವೂ ಇಲ್ಲದ ಕಡೆ, ಯಾವ ಲಾಭವೂ ಇಲ್ಲದ ಕಡೆ, ತಾನೇ ತಾನಾಗಿ ನೆನೆದ. ಹೀಗೆ ನೆನೆಯುವವನಿಗೇ ಕೃತಜ್ಞತೆಯಿಂದ ಸುಖ ಬರುತ್ತದೆ. ಸಾಲ ತೀರಿಸಿದವನಿಗೆ ಬರುವುದು ಬಿಡುಗಡೆ. ಅದರ ಬಗೆಯೇ ಬೇರೆ.

ಕಾಲ ಏನನ್ನು ಉಳಿಸಿತು ಎಂಬುದನ್ನೂ ನೋಡೋಣ. ಕಲ್ಲು ನೆಟ್ಟು ಇನ್ನೂ ಕಾಲು ಶತಮಾನ ತುಂಬಿರಲಿಲ್ಲ. 972ರಲ್ಲಿ ಪರಮಾರರ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡ. ಮರುವರ್ಷ ಚಾಲುಕ್ಯರ ತೈಲಪ ಆ ಮನೆತನದ ಆಳ್ವಿಕೆಯನ್ನೇ ಮುಗಿಸಿದ. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ಗಂಗವಾಡಿಯನ್ನು ಹಿಡಿದರು. ತಕ್ಕೋಲದ ಸೋಲಿಗೆ ಸೇಡು ತೀರಿತು. ಹನ್ನೆರಡು ಸಾವಿರದ ನಾಡುಗಳೆಲ್ಲ ಕೈಯಿಂದ ಕೈಗೆ ಹೋದವು. ಕಾಳಿ ಎಂಬ ನಾಯಿಯ ಹೆಸರು ಮಾತ್ರ ಕಲ್ಲಿನ ಮೇಲೆ ಹಾಗೆಯೇ ಇದೆ. ಅದರ ಜೊತೆಗೆ, ಅದನ್ನು ಪ್ರೀತಿಸಿದ ಮಣಲೇರನ ಹೆಸರೂ ಉಳಿಯಿತು.

ನಮ್ಮ ಕಾಲದ ಮನಶ್ಶಾಸ್ತ್ರಜ್ಞರು ಇದೇ ವಿಷಯವನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಂದ ತಮಗೆ ದೊರೆತ ಒಳಿತುಗಳನ್ನೂ, ಕೆಲವರಿಂದ ತಮ್ಮ ಕಿರಿಕಿರಿಗಳನ್ನೂ ಬರೆಯಿಸಿ ನೋಡಿದರು. ಒಳಿತನ್ನು ಎಣಿಸಿದವರು ತಮ್ಮ ಬಾಳಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ಆ ಪಂಡಿತರು ಕೈಗೆ ಕಾಗದ ಕೊಟ್ಟು ಮಾಡಿಸಿದ್ದನ್ನು ಮಣಲೇರ ಗೊರವನ ಊಟಕ್ಕೆ ಕಟ್ಟಳೆ ಹಾಕಿ ಮಾಡಿಸಿದ. ನೆನಪು ತಾನಾಗಿ ಬರಲೆಂದು ಕಾದು ಕುಳಿತರೆ ಬರುವುದಿಲ್ಲ, ಅದಕ್ಕೊಂದು ಹೊತ್ತನ್ನು ಗೊತ್ತುಮಾಡಬೇಕು ಎಂಬ ವಿಷಯದಲ್ಲಿ ಇಬ್ಬರದೂ ಒಂದೇ ದಾರಿ.

‘ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ’ ಎಂದು ನಮ್ಮ ಗಾದೆ. ಪಟ್ಟಣದ ಮನೆಯಲ್ಲಿ ಉಪ್ಪಿಕ್ಕಿದವರು ಯಾರು? ಬೆಳಗಿನ ಜಾವದಲ್ಲಿ ಹಾಲು ತಂದು ಇಟ್ಟುಹೋಗುವವನು, ನಾವು ಏಳುವ ಮುಂಚೆ ಬೀದಿಯನ್ನು ಗುಡಿಸಿ ಮುಗಿಸಿದವಳು, ಮಳೆಯಲ್ಲಿ ಕಂಬ ಹತ್ತಿ ದೀಪವನ್ನು ಸರಿಮಾಡಿದವನು, ಒಲೆಯ ಮುಂದೆ ನಿಂತು ಎಲ್ಲರೂ ಉಂಡ ಮೇಲೆ ಉಣ್ಣುವ ಮನೆಯಾಕೆ. ಇವರಲ್ಲಿ ಅನೇಕರು ಕೇಳಲಾರರು, ಕೆಲವರು ಕೇಳುವುದಿಲ್ಲ. ಇವರಿಗೆ ಎರಡು ಖಂಡುಗ ನೆಲವನ್ನು ಬಿಡುವ ಶಕ್ತಿ ನಮಗಿಲ್ಲ. ಕಲ್ಲು ನಿಲ್ಲಿಸಲು ಸ್ಥಳವೂ ಇಲ್ಲ. ಸಲ್ಲಬೇಕಾದ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬಹುದು. ಮನೆಯಾಕೆಯನ್ನು ಪಂಕ್ತಿಯಲ್ಲೇ ಕೂರಿಸಿ ಒಂದು ದಿನ ಬೇರೆಯವರು ಬಡಿಸಬಹುದು. ಇನ್ನೂ ಸುಲಭವಾದದ್ದೊಂದಿದೆ, ಹೆಸರು ಕೇಳುವುದು. ಹತ್ತು ವರ್ಷದಿಂದ ನಮ್ಮ ಬೀದಿಯನ್ನು ಗುಡಿಸುತ್ತಿರುವವಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಾವಿರ ವರ್ಷದ ಹಿಂದೆ ಬೇಗೂರಿನವರು ಮನೆಯ ಆಳಿನ ಹೆಸರನ್ನು ಕಲ್ಲಿನ ಮೇಲೆ ಬರೆಸಿದ್ದರು. ಆತಕೂರಿನವರಿಗೆ ನಾಯಿಯ ಹೆಸರು ಗೊತ್ತಿತ್ತು.

ಚೆಲ್ಲೇಶ್ವರನ ಗೊರವನನ್ನು ಒಮ್ಮೆ ಕಲ್ಪಿಸಿಕೊಳ್ಳೋಣ. ಮಧ್ಯಾಹ್ನ ಏರಿದೆ, ಹೊಟ್ಟೆ ಹಸಿದಿದೆ, ಅನ್ನ ಆರುತ್ತಿದೆ. ಕೆರೆಯಲ್ಲಿ ಕೈಕಾಲು ತೊಳೆದು ಬಂದು, ಗುಡಿಯ ಮುಂದಿನ ಕಲ್ಲಿಗೆ ಒಂದು ತಂಬಿಗೆ ನೀರೆರೆದು ಎರಡು ಹೂ ಇಡುತ್ತಾನೆ. ಕೆಲವು ದಿನ ಬೇಸರದಿಂದಲೇ ಇಟ್ಟಿರಬಹುದು. ಆದರೂ ಇಟ್ಟ. ಆಮೇಲೆ ಎಲೆಯ ಮುಂದೆ ಕುಳಿತಾಗ, ಅನ್ನ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ನಮ್ಮ ಎಲೆಯ ಮುಂದೆ ಕುಳಿತಾಗ ನಮಗೂ ಅಷ್ಟು ಗೊತ್ತಿದ್ದರೆ, ಈ ರಾತ್ರಿಯ ಊಟ ನಿನ್ನೆಯದಕ್ಕಿಂತ ರುಚಿಯಾಗಿರುತ್ತದೆ.